ಕಣ್ಣು ಒಂದೆಡೆ, ಏಟು ಇನ್ನೊಂದೆಡೆ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡನ್ನು ಪಕ್ಕಕ್ಕೆ, ಹಿಂದಕ್ಕೆ ಎಷ್ಟು ಸಲವಾದರೂ ಎಸೆಯಬಹುದು. ಮುಂದೆ ನುಗ್ಗುವಂತೆ ನಟಿಸಿ ಪಕ್ಕದವನಿಗೆ ದಾಟಿಸಿದರೆ ಎದುರಾಳಿ ಮೋಸಹೋಗುತ್ತಾನೆ. ಕಲಬುರಗಿಯ ಸುಲ್ತಾನನೊಬ್ಬ ಇಂಥದೇ ತಂತ್ರವನ್ನು ರಣರಂಗದಲ್ಲಿ ಹೂಡಿದ್ದ.

1398ರ ಸುಮಾರಿಗೆ ಬಹಮನಿ ದೊರೆ ಫಿರೋಜ್ ಷಾ ಕೃಷ್ಣೆಯ ದಡಕ್ಕೆ ಬಂದಾಗ ಹೊಳೆ ತುಂಬಿತ್ತು. ಆಚೆ ವಿಜಯನಗರದ ಸೇನೆ. ಎರಡು ಶತಮಾನಗಳ ನಂತರ ಬರೆದ ಫೆರಿಸ್ತಾ ಹೇಳುವಂತೆ, ಖಾಜಿ ಸಿರಾಜ್ ಎಂಬಾತ ಕೆಲವರೊಡನೆ ವೇಷ ಮರೆಸಿ ನದಿ ದಾಟಿದ. ನರ್ತಕಿಯರೊಂದಿಗೆ ಬಿಡಾರ ಹೊಕ್ಕು, ಕಠಾರಿ ಹಿಡಿದು ಕುಣಿಯುತ್ತ ರಾಜಕುಮಾರನನ್ನು ಇರಿದ. ಆ ಗೊಂದಲದಲ್ಲಿ ಬಹಮನಿ ಪಡೆ ಹೊಳೆ ದಾಟಿತು.

ಆಟದಲ್ಲಿ ಮೋಸಹೋದವನು ಮತ್ತೆ ಆಡುತ್ತಾನೆ. ಆ ರಾಜಕುಮಾರ ಮತ್ತೆ ಏಳಲಿಲ್ಲ. ಆದರೆ ತಂತ್ರದ ಗೆಲುವು ಶಾಶ್ವತವಲ್ಲ. 1420ರ ಸುಮಾರಿಗೆ ಪಾನಗಲ್‌ನಲ್ಲಿ ಅದೇ ಫಿರೋಜ್ ವಿಜಯನಗರಕ್ಕೆ ಸೋತ.