ನೋಟಿನ ಮೇಲಣ ಬರೆಹ

ದಿನವೂ ನಮ್ಮ ಕೈಯಲ್ಲಿ ಹಾದುಹೋಗುವ ಕಾಗದಗಳಲ್ಲಿ ನೋಟನ್ನು ಎಣಿಸುವಷ್ಟು ಎಚ್ಚರದಿಂದ ಮತ್ತಾವುದನ್ನೂ ನಾವು ಎಣಿಸುವುದಿಲ್ಲ. ಆದರೂ ಅದರ ಮೇಲೆ ಏನೇನು ಅಚ್ಚಾಗಿದೆಯೆಂದು ಕೇಳಿದರೆ ಉತ್ತರ ಹೇಳಬಲ್ಲವರು ವಿರಳ. ಬೆಳ್ಳಿಯ ರೂಪಾಯಿಗೆ ಅದರ ಲೋಹವೇ ಸಾಕ್ಷಿಯಾಗಿದ್ದಿತು. ಕಲ್ಲಿನ ಮೇಲೆ ಎಸೆದು ನಾದವನ್ನು ಕೇಳಿದರೆ ಅದರ ಗುಣ ತಿಳಿಯುತ್ತಿದ್ದಿತು. ಕಾಗದಕ್ಕೆ ನಾದವಿಲ್ಲ, ತೂಕವಿಲ್ಲ. ಆದುದರಿಂದ ಅದನ್ನು ಹಿಡಿದವನ ಮನಸ್ಸಿನಲ್ಲಿ ಮೂರು ಸಂದೇಹಗಳು ಏಳುವುವು. ಕೊಟ್ಟವನು ಮಾತನ್ನು ಉಳಿಸಿಕೊಳ್ಳುವನೇ? ಇದು ನಿಜವಾಗಿಯೂ ಅವನೇ ಕೊಟ್ಟದ್ದೇ? ಓದಲು ಬಾರದ ನಾನು ಇದರ ಬೆಲೆಯನ್ನು ತಿಳಿಯುವುದೆಂತು? ನೋಟಿನ ಮೇಲಣ ಚಿತ್ರ, ಗೆರೆ, ಅಕ್ಷರಗಳೆಲ್ಲವೂ ಈ ಮೂರು ಪ್ರಶ್ನೆಗಳಿಗೆ ಕಾಲಕಾಲಕ್ಕೆ ದೊರೆತ ಉತ್ತರಗಳು.

ಕಾಗದದ ಹಣ ಮೊದಲು ಹುಟ್ಟಿದುದು ಚೀನದಲ್ಲಿ. ಸಿಚುವಾನ್ ಪ್ರಾಂತದಲ್ಲಿ ಕಬ್ಬಿಣದ ನಾಣ್ಯಗಳ ಹೊರೆಯನ್ನು ತಾಳಲಾರದೆ ವರ್ತಕರು ರಸೀತಿಗಳನ್ನು ಚಲಾವಣೆಗೆ ತಂದರು. ಸೋಂಗ್ ಅರಸರ ಸರ್ಕಾರವು ೧೦೨೪ರಲ್ಲಿ ಆ ಕೆಲಸವನ್ನು ತಾನೇ ವಹಿಸಿಕೊಂಡಿತು. ಮಿಂಗ್ ಚಕ್ರವರ್ತಿಯ ಕಾಲದಲ್ಲಿ, ೧೩೭೫ರಲ್ಲಿ, ಹೊರಟ ನೋಟಿನ ನಡುವೆ ಪೋಣಿಸಿದ ನಾಣ್ಯಗಳ ಸರಗಳನ್ನು ಚಿತ್ರಿಸಿದ್ದರು. ಅಕ್ಷರವರಿಯದವನಿಗೂ ಆ ಚಿತ್ರವು ಬೆಲೆಯನ್ನು ಹೇಳಬಲ್ಲದು. ಅದರ ಕೆಳಗೆ ಒಂದು ಶಾಸನವೂ ಉಂಟು: ಖೋಟಾ ನೋಟು ಮಾಡಿದವನಿಗೆ ಶಿರಚ್ಛೇದ, ಅವನನ್ನು ಹಿಡಿದುಕೊಟ್ಟವನಿಗೆ ೨೫೦ ಲಿಯಾಂಗ್ ಬೆಳ್ಳಿ. ಚಿತ್ರವು ಬಡವನಿಗಾಗಿ, ಬೆದರಿಕೆಯು ವಂಚಕನಿಗಾಗಿ.

ಭಾರತದಲ್ಲಿ ಮೊದಲು ನೋಟುಗಳನ್ನು ಹೊರಡಿಸುತ್ತಿದ್ದುದು ಬ್ಯಾಂಕುಗಳು. ೧೮೬೧ರ ಕಾಗದದ ಹಣದ ಕಾಯಿದೆಯಿಂದ ಆ ಹಕ್ಕು ಸರ್ಕಾರಕ್ಕೆ ಸೇರಿತು. ವಿಕ್ಟೋರಿಯಾ ರಾಣಿಯ ಮುಖವನ್ನು ಹೊತ್ತ ಆ ಮೊದಲಿನ ನೋಟುಗಳಿಗೆ ಒಂದೇ ಮಗ್ಗುಲಲ್ಲಿ ಅಚ್ಚು. ಕೈಯಿಂದ ತಯಾರಿಸಿದ ಕಾಗದ. ಅದರ ಒಡಲಲ್ಲಿ ಬೆಳಕಿಗೆ ಹಿಡಿದರೆ ಕಾಣುವ ನೀರಚ್ಚು. ದೂರದ ಊರಿಗೆ ಹಣ ಕಳುಹಿಸಬೇಕಾದವರು ನೋಟನ್ನು ಎರಡಾಗಿ ಕತ್ತರಿಸಿ ಒಂದರ್ಧವನ್ನು ಅಂಚೆಗೆ ಹಾಕುತ್ತಿದ್ದರು. ಅದು ತಲಪಿತೆಂಬ ಸಮಾಚಾರ ಬಂದ ಬಳಿಕವೇ ಇನ್ನರ್ಧವನ್ನು ಕಳುಹುತ್ತಿದ್ದರು. ಇಷ್ಟು ಎಚ್ಚರವಿದ್ದರೂ ಖೋಟಾ ನೋಟುಗಳ ಹಾವಳಿ ತಪ್ಪಲಿಲ್ಲ. ರಾಣಿಯ ಚಿತ್ರದ ನೋಟುಗಳನ್ನು ಹಿಂತೆಗೆದುಕೊಂಡು, ೧೮೬೭ರಿಂದ ಅಕ್ಷರಗಳ ಅಡಿಯಲ್ಲಿ ಬಣ್ಣದ ಹಿನ್ನೆಲೆಯಚ್ಚುಳ್ಳ ನೋಟುಗಳನ್ನು ಹೊರಡಿಸಬೇಕಾಯಿತು.

ಮೊದಲನೆಯ ಮಹಾಯುದ್ಧದಲ್ಲಿ ಬೆಳ್ಳಿಗೆ ಬರ ಬಂದಿತು. ೧೯೧೭ರಲ್ಲಿ ಒಂದು ರೂಪಾಯಿಯ ನೋಟು ಹೊರಟಾಗ ಅದರ ಮೇಲೆ ಐದನೆಯ ಜಾರ್ಜ್ ದೊರೆಯ ಬೆಳ್ಳಿಯ ನಾಣ್ಯವನ್ನೇ ಚಿತ್ರಿಸಿದರು. ಮಿಂಗ್ ಚಕ್ರವರ್ತಿಯ ಹಳೆಯ ಉಪಾಯವೇ ಇಲ್ಲಿಯೂ ಕಾಣುತ್ತದೆ. ಬೆಳ್ಳಿಯಿಲ್ಲದೆಡೆಯಲ್ಲಿ ಬೆಳ್ಳಿಯ ನೆರಳು. ಅದರ ಮಗುದೊಂದು ಮಗ್ಗುಲಲ್ಲಿ ಎಂಟು ದೇಶಭಾಷೆಗಳಲ್ಲಿ ಬೆಲೆಯನ್ನು ಬರೆದಿದ್ದರು. ಮರುವರ್ಷವೇ ಹೈದರಾಬಾದಿನ ನಿಜಾಮರ ಸರ್ಕಾರವು ತನ್ನದೇ ನೋಟುಗಳಿಗಾಗಿ ಕಾಯಿದೆ ಮಾಡಿತು. ಉರ್ದು, ತೆಲುಗು, ಮರಾಠಿಗಳೊಡನೆ ಕನ್ನಡವೂ ಆ ನೋಟುಗಳಲ್ಲಿ ಸ್ಥಾನ ಪಡೆಯಿತು. ರಾಯಚೂರು, ಕಲಬುರಗಿಗಳ ರೈತನಿಗೆ ಅದು ಅಲಂಕಾರವಲ್ಲ, ಆಧಾರ.

೧೯೨೮ರಿಂದ ನೋಟುಗಳು ನಾಸಿಕದಲ್ಲಿಯೇ ಅಚ್ಚಾಗತೊಡಗಿದುವು. ೧೯೩೫ರಲ್ಲಿ ರಿಸರ್ವ್ ಬ್ಯಾಂಕು ಸ್ಥಾಪಿತವಾಗಿ, ೧೯೩೮ರಲ್ಲಿ ತನ್ನ ಮೊದಲ ನೋಟನ್ನು ಹೊರಡಿಸಿತು. ಎರಡನೆಯ ಮಹಾಯುದ್ಧದಲ್ಲಿ ಜಪಾನಿನವರು ಖೋಟಾ ನೋಟುಗಳನ್ನು ಹರಡುವರೆಂಬ ಭೀತಿಯಿಂದ, ನೀರಚ್ಚಿನಲ್ಲಿ ಪಕ್ಕಕ್ಕೆ ತಿರುಗಿದ್ದ ಆರನೆಯ ಜಾರ್ಜ್ ದೊರೆಯ ಮುಖವನ್ನು ಎದುರುಮುಖವಾಗಿ ಮಾರ್ಪಡಿಸಿ, ಕಾಗದದೊಳಗೆ ರಕ್ಷಣೆಯ ಎಳೆಯನ್ನೂ ಸೇರಿಸಿದರು. ಸ್ವಾತಂತ್ರ್ಯಾನಂತರ ದೊರೆಯ ಸ್ಥಾನಕ್ಕೆ ಗಾಂಧೀಜಿಯವರ ಚಿತ್ರವನ್ನು ಯೋಚಿಸಿದ್ದರೂ, ಕೊನೆಗೆ ಸಾರನಾಥದ ಸಿಂಹಸ್ತಂಭವೇ ನಿಂತಿತು. ಗಾಂಧೀಜಿಯವರು ನೋಟಿನ ಮೇಲೆ ಕಾಣಿಸಿಕೊಂಡುದು ಅವರ ಶತಮಾನೋತ್ಸವದ ೧೯೬೯ರಲ್ಲಿ; ೧೯೯೬ರಿಂದೀಚೆಗೆ ಅವರ ಹೆಸರಿನ ಮಾಲೆಯೇ ನಡೆದುಬಂದಿದೆ. ೨೦೧೭ರಲ್ಲಿ ಹೊರಟ ೫೦ ರೂಪಾಯಿಯ ನೋಟಿನ ಬೆನ್ನಿನಲ್ಲಿ ಹಂಪೆಯ ಕಲ್ಲಿನ ರಥವಿದೆ. ಭಾಷೆಗಳ ಪಟ್ಟಿಯ ೧೫ ಸಾಲುಗಳಲ್ಲಿ ಕನ್ನಡದ್ದು ನಾಲ್ಕನೆಯದು. ನಮ್ಮ ಮೈಸೂರಿನಲ್ಲಿಯೇ ನೋಟುಗಳು ಅಚ್ಚಾಗುತ್ತಿವೆ.

ಮೊದಲಿನ ಎರಡು ಸಂದೇಹಗಳಿಗೆ ಸಹಿಯೂ ನೀರಚ್ಚೂ ಎಳೆಯೂ ಉತ್ತರವಿತ್ತಿವೆ. ಮೂರನೆಯದು ಇನ್ನೂ ಪೂರ್ತಿಯಾಗಿ ತೀರಿಲ್ಲ. ಕಣ್ಣು ಕಾಣದವರು ಬೆರಳಿನಿಂದ ತಿಳಿಯಲೆಂದು ೧೦೦ರ ನೋಟಿನಲ್ಲಿ ಉಬ್ಬಿದ ತ್ರಿಕೋಣವನ್ನೂ ೫೦೦ರದರಲ್ಲಿ ವೃತ್ತವನ್ನೂ ಅಚ್ಚು ಮಾಡಿದ್ದಾರೆ. ಈಚಿನ ಮಾಲೆಯ ೨೦, ೫೦ರ ನೋಟುಗಳಲ್ಲಿ ಅಂಥ ಗುರುತಿಲ್ಲ. ಸಂತೆಯಲ್ಲಿ ಊದುಕಡ್ಡಿ ಮಾರುವ ಕುರುಡನ ಕೈಗೆ ಹೆಚ್ಚಾಗಿ ಬರುವುದಾದರೋ ಈ ಸಣ್ಣ ನೋಟುಗಳೇ. ಅವನು ಇಂದಿಗೂ ಕೊಳ್ಳುವವನ ಮಾತನ್ನೇ ನಂಬಬೇಕಾಗಿದೆ. ಓದಲಾರದವನಿಗಾಗಿ ಆರುನೂರು ವರ್ಷಗಳ ಹಿಂದೆ ನಾಣ್ಯದ ಸರವನ್ನು ಬರೆಯಿಸಿದವರ ವಿವೇಕವು ಅವನ ಬೆರಳಿಗೂ ತಲಪಿದ ದಿನ ನೋಟಿನ ಬರೆಹವು ಪೂರ್ಣವಾಯಿತೆನ್ನಬಹುದು.