ಕಲ್ಯಾಣದ ಗಾಳ

ಬಸವಕಲ್ಯಾಣ ಎಂದೊಡನೆ ನೆನಪಾಗುವುದು ಬಸವಣ್ಣ, ಅಲ್ಲಮ, ಅನುಭವ ಮಂಟಪ. ಆದರೆ ಶರಣರು ಅಲ್ಲಿ ಸೇರುವುದಕ್ಕೆ ಒಂದು ತಲೆಮಾರು ಮೊದಲು ಅದೇ ಊರಿನ ಅರಸನೊಬ್ಬ ಮೀನಿಗೆ ಗಾಳ ಹಾಕುವ ಬಗೆಯನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದ. ಬೀದರ್, ಭಾಲ್ಕಿ, ಔರಾದಗಳಲ್ಲಿ ಇದನ್ನು ಬಲ್ಲವರು ಕಡಿಮೆ. ಶಾಲೆಯ ಪಾಠದಲ್ಲಿಯೂ ಈ ಮಾತು ಬರಬೇಕಿತ್ತು.

ಆ ಅರಸ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ, ಆರನೆಯ ವಿಕ್ರಮಾದಿತ್ಯನ ಮಗ. ಆಳಿದ್ದು 1126ರಿಂದ 1138ರವರೆಗೆ. ತಂದೆಯ ಕಾಲದ ಸಾಮ್ರಾಜ್ಯ ಅಂಚಿನಲ್ಲಿ ಸಡಿಲವಾಗುತ್ತಿತ್ತು, ದಕ್ಷಿಣದಲ್ಲಿ ಹೊಯ್ಸಳ ವಿಷ್ಣುವರ್ಧನ ತಲೆಯೆತ್ತಿದ್ದ. ಸೋಮೇಶ್ವರನ ಒಲವು ಮಾತ್ರ ಓದು ಬರಹದ ಕಡೆಗೆ. ‘ಸರ್ವಜ್ಞ’ ಎಂಬ ಬಿರುದು ಸುಮ್ಮನೆ ಬಂದದ್ದಲ್ಲ. 1130ರ ಆಸುಪಾಸಿನಲ್ಲಿ ಅವನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ಕ್ಕೆ ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬ ಹೆಸರೂ ಇದೆ. ಐದು ವಿಂಶತಿ, ನೂರು ಅಧ್ಯಾಯ. ರಾಜನೀತಿ, ಅಡುಗೆ, ಆನೆ, ಕುದುರೆ, ಸಂಗೀತ, ಕುಸ್ತಿ, ಚಿತ್ರಕಲೆ ಎಲ್ಲಕ್ಕೂ ಅದರಲ್ಲಿ ಜಾಗವಿದೆ. ಅರಸನ ವಿನೋದಗಳ ಸಾಲಿನಲ್ಲಿ ‘ಮತ್ಸ್ಯವಿನೋದ’ವೂ ಒಂದು.

ಈ ಅಧ್ಯಾಯದಲ್ಲಿ ಅರಸನ ವರ್ಣನೆಗಿಂತ ಮೀನಿನ ವಿಚಾರವೇ ಹೆಚ್ಚು. ಕಡಲಿನವು ಯಾವುವು, ಹೊಳೆಯವು ಯಾವುವು. ಹುರುಪೆ ಇರುವವು, ಇಲ್ಲದವು. ದೊಡ್ಡವು, ನಡುವಿನವು, ಸಣ್ಣವು, ಹೀಗೆ ಮೂವತ್ತಕ್ಕೂ ಹೆಚ್ಚು ಜಾತಿಗಳನ್ನು ವಿಂಗಡಿಸಲಾಗಿದೆ. ಆಮೇಲೆ ಯಾವ ಮೀನಿಗೆ ಯಾವ ತಿನಿಸು ಎಂಬ ಮಾತು. ಕೆಲವಕ್ಕೆ ಅನ್ನ, ಹಿಟ್ಟು ಕಲಸಿದ ಉಂಡೆ. ಮಾಂಸ ತಿನ್ನುವವಕ್ಕೆ ಮಾಂಸದ ತುಣುಕು. ಮೊದಲು ತಿನ್ನಿಸಿ ರೂಢಿ ಮಾಡಿ, ಆಮೇಲೆ ಗಾಳ. ದಾರ, ಕೊಕ್ಕೆ, ಕೋಲುಗಳ ವಿಚಾರಕ್ಕೂ ಅಲ್ಲಿ ಎಡೆಯಿದೆ.

ಇಷ್ಟೆಲ್ಲ ಅರಸನಿಗೆ ಗೊತ್ತಾದದ್ದು ಹೇಗೆ? ನೀರಿನ ದಂಡೆಯಲ್ಲಿ ಬದುಕು ಸವೆಸಿದವರಿಗಲ್ಲದೆ ಇನ್ನಾರಿಗೂ ದಕ್ಕದ ತಿಳಿವಳಿಕೆ ಇದು. ಮೀನಿನ ಹೆಸರುಗಳಲ್ಲಿ ‘ರೋಹಿತ’ದಂಥ ಸಂಸ್ಕೃತದ ಮಾತುಗಳ ಜೊತೆಗೆ ಆಡುಮಾತಿನಿಂದ ಬಂದಂತೆ ಕೇಳುವವೂ ಇವೆ. ಬೆಸ್ತನೊಬ್ಬ ಹೇಳುತ್ತ ಹೋದ, ಅರಮನೆಯವರು ಶ್ಲೋಕಕ್ಕೆ ಇಳಿಸಿದರು ಎಂದು ಊಹಿಸುವುದು ತಪ್ಪಾಗಲಾರದು. ಶ್ಲೋಕಕ್ಕೆ ಸೋಮೇಶ್ವರನ ಹೆಸರು ಅಂಟಿತು; ಹೇಳಿಕೊಟ್ಟವರ ಹೆಸರು ಉಳಿಯಲಿಲ್ಲ. ಮುಂದಿನ ತಲೆಮಾರಿನಲ್ಲಿ ಅಂಬಿಗರ ಚೌಡಯ್ಯ ತನ್ನ ಕಸುಬನ್ನೇ ಹೆಸರಿಗೆ ಕಟ್ಟಿಕೊಂಡು ವಚನ ಹೇಳಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿದಾಗ ಆ ಶತಮಾನ ಎಷ್ಟು ದೂರ ನಡೆಯಿತು ಎಂಬುದು ತಿಳಿಯುತ್ತದೆ.

ಹೊರಗಿನ ಜಗತ್ತಿನಲ್ಲಿ ಗಾಳದ ಬರಹ ಇನ್ನೂ ಹಳೆಯದು. ಸುಮಾರು ಕ್ರಿ.ಶ. 200ರ ಹೊತ್ತಿಗೆ ರೋಮಿನ ಲೇಖಕ ಏಲಿಯನ್ ಮ್ಯಾಸಿಡೋನಿಯದ ಹೊಳೆಯೊಂದರ ಸಂಗತಿ ಬರೆದಿದ್ದಾನೆ. ಅಲ್ಲಿನ ಚುಕ್ಕೆಮೈಯ ಮೀನು ನೀರ ಮೇಲೆ ಹಾರುವ ನೊಣವನ್ನು ಹಿಡಿದು ತಿನ್ನುತ್ತಿತ್ತು. ಆ ನೊಣ ಮನುಷ್ಯನ ಕೈ ತಾಗಿದರೆ ಬಣ್ಣಗೆಡುತ್ತದೆ, ಗಾಳಕ್ಕೆ ಬಾರದು. ಅದಕ್ಕೇ ಬೆಸ್ತರು ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಎರಡು ಗರಿ ಕಟ್ಟಿ ಹುಸಿನೊಣ ಮಾಡುತ್ತಿದ್ದರು. ಬ್ರೌನ್ ಟ್ರೌಟ್ ಹಿಡಿಯುವ ಇಂದಿನ ಫ್ಲೈ ಫಿಶಿಂಗ್‌ನ ಮೂಲ ಅಲ್ಲಿದೆ. ಇಂಗ್ಲಿಷಿನಲ್ಲಿ ಗಾಳದ ಬಗ್ಗೆ ಮೊದಲ ಪುಸ್ತಕ ಅಚ್ಚಾದದ್ದು 1496ರಲ್ಲಿ, ಕಲ್ಯಾಣದ ಶ್ಲೋಕಗಳಾದ ಮೇಲೆ ಮೂರೂವರೆ ಶತಮಾನಕ್ಕೆ.

ಟ್ರೌಟ್ ತಣ್ಣೀರಿನ ಮೀನು. ಸ್ಕಾಟ್ಲೆಂಡಿನಿಂದ ತರಿಸಿದ ತತ್ತಿಗಳಿಂದ ಅದು ಕಾಶ್ಮೀರದಲ್ಲಿ ನೆಲೆಯೂರಿದ್ದು 1900ರಲ್ಲಿ. ಬೀದರ್ ನೆಲದಲ್ಲಿ ಅದು ಒಂದು ಬೇಸಿಗೆಯನ್ನೂ ತಾಳದು. ಇಲ್ಲಿನ ಹೊಳೆ ಮಾಂಜ್ರಾ. ಬೀಡ್ ಜಿಲ್ಲೆಯ ಬಾಲಾಘಾಟ್ ಗುಡ್ಡಗಳಲ್ಲಿ ಹುಟ್ಟಿ, ಭಾಲ್ಕಿ, ಔರಾದ ಸೀಮೆ ಹಾದು, ತೆಲಂಗಾಣಕ್ಕಿಳಿದು ಗೋದಾವರಿ ಸೇರುತ್ತದೆ. ಮಳೆಗಾಲದಲ್ಲಿ ಕೆಂಪು ನೀರು, ಬೇಸಿಗೆಯಲ್ಲಿ ಅಲ್ಲಲ್ಲಿ ಮಡು. 2016ರ ಬರದಲ್ಲಿ ಹೊಳೆಯ ಮೇಲ್ಭಾಗದ ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ಬಂತು. ಅಂಥ ವರ್ಷ ಬಲೆ ಗೂಟಕ್ಕೇ ತೂಗುತ್ತದೆ.

ಮತ್ಸ್ಯವಿನೋದ ಬಹುಕಾಲ ಹಸ್ತಪ್ರತಿಯಲ್ಲೇ ಉಳಿದಿತ್ತು. ಆರ್. ಶಾಮಶಾಸ್ತ್ರಿಗಳು ಗ್ರಂಥದ ಮೊದಲ ಭಾಗವನ್ನು 1926ರಲ್ಲಿ ಮೈಸೂರಿನಿಂದ ಹೊರತಂದರು. ಬರೋಡಾದ ಗಾಯಕವಾಡ ಗ್ರಂಥಮಾಲೆಯಲ್ಲಿ ಅದು ಮೂರು ಸಂಪುಟಗಳಾಗಿ ಬಂತು. ಮೀನುವಿಜ್ಞಾನಿ ಸುಂದರಲಾಲ್ ಹೋರಾ 1951ರಲ್ಲಿ ಈ ಅಧ್ಯಾಯವನ್ನೇ ಕೈಗೆತ್ತಿಕೊಂಡು, ಶ್ಲೋಕದ ಮೀನುಗಳು ಇಂದಿನ ಯಾವ ಮೀನುಗಳು ಎಂದು ಗುರುತಿಸಲು ಹೊರಟರು. ಒಂದು ವಿನೋದದ ಅಧ್ಯಾಯವನ್ನು ವಿಜ್ಞಾನದ ದಾಖಲೆಯಾಗಿ ಓದಿದ ಹಿರಿಮೆ ಅವರದು.

ಬೀದರ್ ಸೀಮೆಯ ಬೆಸ್ತರ ಕಸುಬು ಬದಲಾದದ್ದು ಅಣೆಕಟ್ಟಿನಿಂದ. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯಲ್ಲಿ ಕಾರಂಜಾ ನದಿಗೆ ಒಡ್ಡು ಬಿದ್ದು 7.69 ಟಿಎಂಸಿ ನೀರು ಹಿಡಿಯುವ ಜಲಾಶಯವಾಯಿತು. 1957ರಲ್ಲಿ ಹೀರಾಲಾಲ್ ಚೌಧರಿ ಒಡಿಶಾದಲ್ಲಿ ಪಿಟ್ಯೂಟರಿ ಚುಚ್ಚುಮದ್ದಿನಿಂದ ಮೀನು ತತ್ತಿಯಿಡುವಂತೆ ಮಾಡಿ ತೋರಿಸಿದ ಮೇಲೆ ಕಟ್ಲಾ, ರೋಹು, ಮೃಗಾಲ್ ಮರಿಗಳು ದೇಶದ ಜಲಾಶಯಗಳಿಗೆ ಲಕ್ಷಗಟ್ಟಲೆ ಹೋಗತೊಡಗಿದವು. ಬೀದರ್ ನಗರದ ನಂದಿನಗರದಲ್ಲಿ ಈಗ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕಾ ಕಾಲೇಜು ಅದರ ಅಧೀನಕ್ಕೆ ಬಂತು. ಕಡಲತಡಿಯ ಮೀನುಶಾಸ್ತ್ರಕ್ಕೆ ಕಲ್ಯಾಣದ ಜಿಲ್ಲೆಯೇ ಮನೆಯಾಗಿದೆ. ಆ ಕಾಲೇಜಿನ ಪಾಠದಲ್ಲಿ ಸೋಮೇಶ್ವರನಿಗೆ ಒಂದು ಪುಟ ಸಲ್ಲಲೇಬೇಕು.

ಗಾಳ ಮಾತ್ರ ಹೆಚ್ಚು ಬದಲಾಗಿಲ್ಲ. ಜಲಾಶಯದ ದಂಡೆಗೆ ಬರುವವರ ಕೈಯಲ್ಲಿ ಬಿದಿರು ಕೋಲು, ನೈಲಾನ್ ದಾರ, ಬೆಂಡಿಗೆ ನವಿಲುಗರಿಯ ದಂಟು. ಡಬ್ಬಿಯಲ್ಲಿ ಎರೆಹುಳ, ಇಲ್ಲವೆ ಹಿಟ್ಟಿನ ಉಂಡೆ. ಕೂರುವ ಮೊದಲು ಒಂದು ಹಿಡಿ ಹಿಟ್ಟನ್ನು ನೀರಿಗೆ ಎರಚುತ್ತಾರೆ, ಮೀನಿಗೆ ಆ ಜಾಗ ರೂಢಿಯಾಗಲಿ ಎಂದು. ದಂಟು ಒಮ್ಮೆ ಅಲುಗುತ್ತದೆ, ನಿಲ್ಲುತ್ತದೆ. ಪಕ್ಕದ ಹುಡುಗ ಕೋಲಿಗೆ ಕೈ ಹಾಕುತ್ತಾನೆ.

“ತಡಿಯೋ ತಮ್ಮಾ, ಎಳೀಬ್ಯಾಡ. ಇನ್ನಾ ಬರೇ ಮೂಸಿ ನೋಡಾಕತ್ತೈತಿ.”