ಪಾಪಾಸುಕಳ್ಳಿಯನ್ನು ತಿಂದು ಮುಗಿಸಿದ ಪತಂಗ

ಪಾಪಾಸುಕಳ್ಳಿಯ ಕಾಂಡ ಕೊರೆಯುವ ಕ್ಯಾಕ್ಟೊಬ್ಲಾಸ್ಟಿಸ್ ಪತಂಗದ ತವರು ದಕ್ಷಿಣ ಅಮೆರಿಕ. ಅದು ಹೆಸರು ಮಾಡಿದ್ದು ಮಾತ್ರ ಆಸ್ಟ್ರೇಲಿಯದಲ್ಲಿ. 1788ರಲ್ಲಿ ಅಲ್ಲಿ ನೆಲೆಯೂರಲು ಹೋದ ಬ್ರಿಟಿಷ್ ಹಡಗುಗಳು, ಕೆಂಪು ಬಣ್ಣ ಕೊಡುವ ಕೊಚಿನಿಯಲ್ ಕೀಟ ಸಾಕಲೆಂದು ಬ್ರೆಜಿಲ್‌ನಿಂದ ಕಳ್ಳಿ ಒಯ್ದಿದ್ದವು. ಆ ಉದ್ಯಮ ಕೈಗೂಡಲಿಲ್ಲ. ನಿಜವಾದ ಪೀಡೆಯಾದದ್ದು 19ನೇ ಶತಮಾನದಲ್ಲಿ ಬೇಲಿಗೆಂದು ನೆಟ್ಟ ಇನ್ನೊಂದು ಜಾತಿ. 1920ರ ದಶಕದ ಹೊತ್ತಿಗೆ ಅದು ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್‌ಗಳಲ್ಲಿ ಸುಮಾರು 2.4 ಕೋಟಿ ಹೆಕ್ಟೇರ್ ನೆಲವನ್ನು ಆವರಿಸಿತ್ತು. ರೈತರು ಕಡಿದರು, ಸುಟ್ಟರು, ಆರ್ಸೆನಿಕ್ ವಿಷ ಸುರಿದರು. ಮುರಿದು ಬಿದ್ದ ತುಂಡೂ ಬೇರು ಬಿಡುವ ಗಿಡಕ್ಕೆ ಇದ್ಯಾವುದೂ ನಾಟಲಿಲ್ಲ. ಹಣ್ಣು ತಿಂದು ಬೀಜ ಹರಡುತ್ತವೆಂದು ಎಮು, ಕಾಗೆಗಳನ್ನು ಕೊಂದವರಿಗೆ ಸರ್ಕಾರ ಬಹುಮಾನ ಘೋಷಿಸಿತು. ನೆಟ್ಟವರು ಮನುಷ್ಯರು, ಸತ್ತದ್ದು ಹಕ್ಕಿಗಳು!

ಕೊನೆಗೆ ಕೈಹಿಡಿದದ್ದು ಕಳ್ಳಿ ತಿನ್ನುವ ಈ ಪತಂಗ. 1914ರಲ್ಲಿ ತರಿಸಿದ್ದ ಪತಂಗಗಳು ಸಂತಾನ ಬಿಡದೆ ಸತ್ತಿದ್ದವು. 1925ರಲ್ಲಿ ಕೀಟತಜ್ಞ ಅಲನ್ ಡಾಡ್ ಅರ್ಜೆಂಟೀನದಿಂದ ಸುಮಾರು 2,750 ಮೊಟ್ಟೆಗಳನ್ನು ಹಡಗಿನಲ್ಲಿ ಆಸ್ಟ್ರೇಲಿಯಕ್ಕೆ ಕಳಿಸಿದರು. ಬೇರೆ ಬೆಳೆಗಳನ್ನು ಮುಟ್ಟುವುದಿಲ್ಲವೆಂದು ಪರೀಕ್ಷೆಯಿಂದ ಖಚಿತವಾದ ಮೇಲೆ, 1926ರಲ್ಲಿ ಅವುಗಳ ಸಂತತಿಯನ್ನು ಬಯಲಿಗೆ ಬಿಡಲಾಯಿತು.

ಹೆಣ್ಣು ಪತಂಗ ಎಪ್ಪತ್ತು-ತೊಂಬತ್ತು ಮೊಟ್ಟೆಗಳನ್ನು ಒಂದರ ಮೇಲೊಂದು ಅಂಟಿಸಿ ಇಡುತ್ತದೆ. ನೋಡಿದರೆ ಕಳ್ಳಿಯದೇ ಮುಳ್ಳು ಎನ್ನಬೇಕು. ಕಪ್ಪು ಪಟ್ಟೆಯ ಕಿತ್ತಳೆ ಬಣ್ಣದ ಮರಿಹುಳುಗಳು ಗುಂಪಾಗಿ ಒಂದೇ ತೂತಿನಿಂದ ಒಳಹೊಕ್ಕು, ಎಲೆಯಂತೆ ಕಾಣುವ ಚಪ್ಪಟೆ ಕಾಂಡದ ತಿರುಳನ್ನು ತಿಂದು ಟೊಳ್ಳು ಮಾಡುತ್ತವೆ. ಹಿಂದೆಯೇ ಕೊಳೆರೋಗ ತಗುಲಿ ಗಿಡ ಕುಸಿಯುತ್ತದೆ. ಈ ಮೊಟ್ಟೆಯ ಕಡ್ಡಿಗಳನ್ನೇ ಕಾಗದಕ್ಕೆ ಅಂಟಿಸಿ ರೈತರಿಗೆ ಹಂಚಲಾಯಿತು. ಅವರು ಅದನ್ನು ಪಿನ್ನಿನಿಂದ ಕಳ್ಳಿಗೆ ಚುಚ್ಚಿದರು. 1933ರ ಹೊತ್ತಿಗೆ ಬಹುಪಾಲು ಕಳ್ಳಿಕಾಡು ನೆಲಕಚ್ಚಿ, ಬಿಟ್ಟುಹೋಗಿದ್ದ ಜಮೀನು ಮತ್ತೆ ಸಾಗುವಳಿಗೆ ಬಂತು. ಕ್ವೀನ್ಸ್‌ಲ್ಯಾಂಡ್‌ನ ಬೂನಾರ್ಗ ಎಂಬಲ್ಲಿನ ಜನ 1936ರಲ್ಲಿ ಈ ಹುಳುವಿನ ಹೆಸರಿನಲ್ಲೇ ಸ್ಮಾರಕ ಸಭಾಭವನ ಕಟ್ಟಿಸಿದರು. ಆದರೆ ದಕ್ಷಿಣ ಭಾರತದಲ್ಲಿ ಪಾಪಾಸುಕಳ್ಳಿಯನ್ನು ಅಡಗಿಸಿದ್ದು ಈ ಪತಂಗವಲ್ಲ, 1920ರ ದಶಕದಲ್ಲಿ ತಂದ ಕೊಚಿನಿಯಲ್ ಕೀಟದ ಒಂದು ಜಾತಿ.

ಕಳ್ಳಿಯನ್ನು ಬಿಟ್ಟು ಬೇರೇನೂ ತಿನ್ನದ ಪತಂಗದ ಗುಣ, ಕಳ್ಳಿ ಪರಕೀಯವಾಗಿದ್ದ ಆಸ್ಟ್ರೇಲಿಯದಲ್ಲಿ ವರವಾಯಿತು. ಕಳ್ಳಿಯೇ ಸ್ಥಳೀಯವಾಗಿರುವ ಕೆರಿಬಿಯನ್‌ಗೆ 1957ರಲ್ಲಿ ಇದೇ ಪತಂಗವನ್ನು ತಂದದ್ದು ದುಡುಕು. ಅಲ್ಲಿಂದ ಹಬ್ಬಿ 1989ರಲ್ಲಿ ಫ್ಲಾರಿಡದಲ್ಲಿ ಕಾಣಿಸಿಕೊಂಡು, ಅಪರೂಪದ ಕಳ್ಳಿಗಳಿಗೇ ಕುತ್ತಾಯಿತು. ಪಾಪಾಸುಕಳ್ಳಿಯನ್ನು ತರಕಾರಿಯಾಗಿ ಬೆಳೆದು ಉಣ್ಣುವ ಮೆಕ್ಸಿಕೊಗೂ 2006ರಲ್ಲಿ ಅದು ಕಾಲಿಟ್ಟಿತು. ಮುತ್ತಿಕೊಂಡ ಗಿಡಗಳನ್ನೆಲ್ಲ ಕಿತ್ತುಹಾಕಿ ಆ ದೇಶ ಅದನ್ನು ಕರಾವಳಿಯ ದ್ವೀಪಗಳಲ್ಲೇ ನಿರ್ಮೂಲಗೊಳಿಸಿತು.